ಮಸ್ಕತ್‌ನ ಕಪ್ಪು ಗುಡ್ಡಗಳಲ್ಲಿ ಐದು ದಿನ

ಮೊದಲ ದಿನ: ದರ್ಸೈತ್

ಮೈಸೂರಿನ ಕಾಲೇಜೊಂದರಲ್ಲಿ ಮೂವತ್ತು ವರ್ಷ ಭೂವಿಜ್ಞಾನ ಪಾಠ ಮಾಡಿ ನಿವೃತ್ತನಾದ ನಾನು, ಭೂಕವಚದ ಕೆಳಗಿನ ದಪ್ಪ ಶಿಲಾಪದರವನ್ನು ಹೆಸರಿಸುವ ಮ್ಯಾಂಟಲ್ ಎಂಬ ಪದವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ಅದನ್ನು ಮೊದಲ ಬಾರಿಗೆ ಕೈಯಿಂದ ಮುಟ್ಟಿದ್ದು ಈ ಡಿಸೆಂಬರಿನಲ್ಲಿ, ಮಸ್ಕತ್‌ನ ಮಗಳ ಮನೆಗೆ ಬಂದ ಮರುದಿನ ಬೆಳಿಗ್ಗೆ, ಅದೂ ದರ್ಸೈತ್‌ನ ಕೃಷ್ಣ ದೇವಸ್ಥಾನದ ಹೊರಗೆ ಮನೆಮಂದಿಯ ಚಪ್ಪಲಿ ಕಾಯುತ್ತ ನಿಂತಿದ್ದಾಗ. ಹೆಂಡತಿ ಮತ್ತು ಮಗಳು ದರ್ಶನಕ್ಕೆ ಒಳಗೆ ಹೋಗಿದ್ದರು. ನನ್ನ ಕಣ್ಣು ಸುತ್ತಲಿನ ಗುಡ್ಡಗಳ ಮೇಲೆಯೇ ಇತ್ತು.

ಹುಲ್ಲುಕಡ್ಡಿಯೂ ಇಲ್ಲದ, ಹೆಚ್ಚು ಹುರಿದ ಕಾಫಿಬೀಜದ ಬಣ್ಣದ ಗುಡ್ಡಗಳವು. ನೋಡಿದವರಿಗೆ ಜ್ವಾಲಾಮುಖಿ ಉಗುಳಿದ ಕಲ್ಲೆಂದು ಅನ್ನಿಸುವುದು ಸಹಜ. ಹನ್ನೊಂದು ವರ್ಷಗಳಿಂದ ಇಲ್ಲಿರುವ ನನ್ನ ಅಳಿಯನೂ ಹಾಗೆಯೇ ನಂಬಿದ್ದರು. ವಾಸ್ತವದಲ್ಲಿ ಆ ಕಪ್ಪು, ಕಲ್ಲಿನೊಳಗಿನ ಕಬ್ಬಿಣವು ಮರುಭೂಮಿಯ ಗಾಳಿಗೆ ಸಿಕ್ಕಿ ಹಿಡಿದ ತೆಳುವಾದ ತುಕ್ಕಿನ ಲೇಪ ಮಾತ್ರ. ರಸ್ತೆಗಾಗಿ ಗುಡ್ಡ ಕಡಿದ ಕಡೆ ಉರುಳಿ ಬಿದ್ದಿದ್ದ ತುಂಡೊಂದನ್ನು ಎತ್ತಿ ನೋಡಿದರೆ ಒಡೆದ ಮುಖವು ಕಡುಹಸಿರಾಗಿತ್ತು, ಅದರ ತುಂಬ ಹಾವಿನ ಪೊರೆಯಂತೆ ಬಲೆಬಲೆಯಾಗಿ ಗೆರೆಗಳು ಹರಡಿದ್ದವು. ಇದು ಪೆರಿಡೊಟೈಟ್, ಅಂದರೆ ಮ್ಯಾಂಟಲ್‌ನ ಮೇಲ್ಭಾಗವನ್ನು ರೂಪಿಸಿರುವ ಶಿಲೆ. ಯಾವ ಕಾಲದಲ್ಲಿಯೂ ಇದು ಲಾವಾ ಆಗಿ ಹರಿದದ್ದಲ್ಲ.

ಮ್ಯಾಂಟಲ್ ಭೂಮಿಯ ಗಾತ್ರದ ಸುಮಾರು 84 ಶೇಕಡಾ ಭಾಗವನ್ನು ತುಂಬಿಕೊಂಡಿದೆ. ಸಾಗರತಳದಿಂದ ಆರೇಳು ಕಿಲೋಮೀಟರ್ ಕೆಳಗೆ, ಖಂಡಗಳಡಿಯಲ್ಲಿ ಸಾಮಾನ್ಯವಾಗಿ ಮೂವತ್ತು ನಲವತ್ತು ಕಿಲೋಮೀಟರ್ ಕೆಳಗೆ ಅದು ಆರಂಭವಾಗಿ, ಕೇಂದ್ರಗೋಳದ ಅಂಚಿನವರೆಗೆ, ಎಂದರೆ ಸುಮಾರು 2,900 ಕಿಲೋಮೀಟರ್ ಆಳದವರೆಗೆ ಹಬ್ಬಿದೆ. ರಷ್ಯಾದ ಕೋಲಾ ಪರ್ಯಾಯದ್ವೀಪದಲ್ಲಿ ಸೋವಿಯತ್ ಕಾಲದಲ್ಲಿ ಕೊರೆದ ಬಾವಿ 12,262 ಮೀಟರ್ ಇಳಿದರೂ ಭೂಕವಚವನ್ನು ದಾಟಲಿಲ್ಲ. ಹಾಗಿರುವಾಗ ಮ್ಯಾಂಟಲ್ ತಾನಾಗಿ ಮೇಲೆ ಬಂದು ಕುಳಿತ ಜಾಗಗಳೇ ನಮಗೆ ಗತಿ, ಮತ್ತು ಅಂಥ ಜಾಗಗಳಲ್ಲಿ ಒಮಾನ್‌ನಷ್ಟು ವಿಶಾಲವಾಗಿ, ಮರಗಿಡಗಳ ಮರೆಯಿಲ್ಲದೆ ತೆರೆದುಕೊಂಡಿರುವುದು ಇನ್ನೊಂದಿಲ್ಲ. ಸಮಾಯಿಲ್ ಓಫಿಯೊಲೈಟ್ (ಓಫಿಯೊಲೈಟ್ ಎಂದರೆ ನೆಲದ ಮೇಲೇರಿ ಕುಳಿತ ಸಾಗರತಳ ಮತ್ತು ಅದರಡಿಯ ಮ್ಯಾಂಟಲ್) ಎಂದು ಕರೆಯಲಾಗುವ ಈ ಶಿಲಾಸಮೂಹವು ದೇಶದ ಉತ್ತರ ಅಂಚಿನುದ್ದಕ್ಕೂ ಸುಮಾರು 500 ಕಿಲೋಮೀಟರ್ ಚಾಚಿದೆ.

ಅದು ಇಲ್ಲಿಗೆ ಬಂದ ಬಗೆಯೇ ಒಂದು ತಲೆಕೆಳಗಾದ ವ್ಯವಹಾರ. ಭಾರವಾದ ಸಾಗರದ ಫಲಕವು ಹಗುರವಾದ ಖಂಡದಡಿಗೆ ನುಸುಳುವುದು ವಾಡಿಕೆ. ಇಲ್ಲಿ ಹಾಗಾಗಲಿಲ್ಲ. ಸುಮಾರು 9.6 ಕೋಟಿ ವರ್ಷಗಳ ಹಿಂದೆ, ಈಗಿಲ್ಲದ ಟೆಥಿಸ್ ಸಾಗರದ ತಳದಲ್ಲಿ ಹುಟ್ಟಿದ ಫಲಕವೊಂದರ ಕೆಳಗೆ ಮುಂದೆ ಅರೇಬಿಯಾದ ಅಂಚೇ ಎಳೆಯಲ್ಪಟ್ಟು ಒಳಗೆ ಹೋಯಿತು. ಖಂಡದ ಶಿಲೆ ಹಗುರವಾದ್ದರಿಂದ ಹೆಚ್ಚು ಆಳಕ್ಕೆ ಇಳಿಯಲಾರದೆ ತಡೆದು ನಿಂತು, ಮತ್ತೆ ಮೇಲೇಳುವಾಗ ತನ್ನ ಬೆನ್ನ ಮೇಲೆ ಸಾಗರತಳವನ್ನೂ ಅದರ ಕೆಳಗಿನ ಮ್ಯಾಂಟಲ್‌ನ ಹಲವು ಕಿಲೋಮೀಟರ್ ದಪ್ಪದ ಹಾಳೆಯನ್ನೂ ಹೊತ್ತು ತಂದಿತು. ನಮ್ಮ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ತಣಿದದ್ದೂ ಹೆಚ್ಚು ಕಡಿಮೆ ಅದೇ ಯುಗದಲ್ಲಿ, ಭಾರತವು ಮಡಗಾಸ್ಕರ್‌ನಿಂದ ಬಿಡಿಸಿಕೊಳ್ಳುತ್ತಿದ್ದಾಗ.

ಸಂಜೆ ಮೊಮ್ಮಗ ತನ್ನ ಶಾಲೆಯ ಚಿತ್ರದ ಹಾಳೆಯನ್ನು ತಂದು ತೋರಿಸಿದ. ಭೂಮಿಯನ್ನು ಹೋಳು ಮಾಡಿ, ಮ್ಯಾಂಟಲ್‌ಗೆ ಕೆಂಪು ಕಿತ್ತಳೆ ಬಣ್ಣಗಳನ್ನು ಬಳಿದು, ಗುಳ್ಳೆಗಳನ್ನೂ ಬಿಡಿಸಿದ್ದ. ಪಠ್ಯಪುಸ್ತಕಗಳು ಮಾಡಿದ ಈ ಅನ್ಯಾಯವನ್ನು ನಾನೂ ಬಣ್ಣದ ಸೀಮೆಸುಣ್ಣದಲ್ಲಿ ವರ್ಷವರ್ಷವೂ ಮಾಡಿದ್ದೇನೆ. ಬೆಳಗಿನ ಹಸಿರು ತುಂಡನ್ನು ಅವನ ಕೈಗೆ ಕೊಟ್ಟು, ಒಳಗಿರುವುದು ಇದು, ಗಟ್ಟಿಯಾದ ಕಲ್ಲು ಎಂದೆ. "ಹಾಗಾದರೆ ಅದು ಹರಿಯುವುದು ಹೇಗೆ ತಾತ?" ಎಂದು ಕೇಳಿದ. ಪ್ರಶ್ನೆ ಸರಿಯಾಗಿತ್ತು. ಸಾವಿರದ ಮುನ್ನೂರು ಡಿಗ್ರಿಯ ಆಸುಪಾಸಿನ ಕಾವಿನಲ್ಲಿ ಹರಳುಗಳು ಕರಗದೆಯೇ ಒಳಗೊಳಗೆ ಜಾರುತ್ತ, ಗಟ್ಟಿಯಾಗಿದ್ದುಕೊಂಡೇ ವರ್ಷಕ್ಕೆ ಕೆಲವು ಸೆಂಟಿಮೀಟರಿನಷ್ಟು ಸರಿಯುತ್ತವೆ ಎಂದು ಹೇಳಿದೆ. ಅವನಿಗೆ ಅದು ನಂಬಲರ್ಹವೆಂದು ತೋರಲಿಲ್ಲ. ನಾಲ್ಕನೆಯ ದಿನ ತೋರಿಸುತ್ತೇನೆಂದು ಮಾತು ಕೊಟ್ಟೆ.

ಆಮೇಲೆ ಬಚ್ಚಲುಮನೆಯಲ್ಲಿ ನಮ್ಮಿಬ್ಬರ ಪ್ರಯೋಗಶಾಲೆ ಆರಂಭವಾಯಿತು. ವಿಮಾನದ ಸಾಮಾನು ತೂಗುವ ಕೈತಕ್ಕಡಿಗೆ ಕಲ್ಲನ್ನು ದಾರದಿಂದ ಕಟ್ಟಿ ತೂಗಿದರೆ 1.62 ಕಿಲೋಗ್ರಾಂ, ಹಾಗೆಯೇ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ತೂಗಿದರೆ 1.02. ವ್ಯತ್ಯಾಸವಾದ 0.60ರಿಂದ ಭಾಗಿಸಿದಾಗ ಸಾಂದ್ರತೆ 2.7 ಎಂದು ಬಂತು. ಆದರೆ ಮ್ಯಾಂಟಲ್‌ನಲ್ಲಿರುವ ತಾಜಾ ಪೆರಿಡೊಟೈಟ್‌ನ ಸಾಂದ್ರತೆ ಸುಮಾರು 3.3. ನಮ್ಮ ಕಲ್ಲು ಅಷ್ಟು ಹಗುರವಾದದ್ದಕ್ಕೆ ಕಾರಣ ನೀರು. ಮೇಲೆ ಬಂದ ಪೆರಿಡೊಟೈಟ್ ನೀರನ್ನು ಕಂಡರೆ ಬಿಡುವುದಿಲ್ಲ. ಅದರ ಮುಖ್ಯ ಖನಿಜವಾದ ಆಲಿವೀನ್ ನೀರನ್ನು ತನ್ನ ರಚನೆಯೊಳಗೇ ಸೇರಿಸಿಕೊಂಡು ಸರ್ಪೆಂಟೀನ್ ಎಂಬ ಹಗುರ, ಉಬ್ಬಿದ ಖನಿಜವಾಗುತ್ತದೆ. ಹಾವಿನ ಪೊರೆಯಂಥ ಗೆರೆಗಳು ಅದರ ಗುರುತು. ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ಹತ್ತಿರ ಹಿಡಿದಾಗ ಅದು ಕಲ್ಲಿಗೆ ಟಕ್ಕನೆ ಅಂಟಿಕೊಂಡಿತು. ಆಲಿವೀನ್‌ನೊಳಗಿದ್ದ ಕಬ್ಬಿಣವು ಈ ಮಾರ್ಪಾಟಿನಲ್ಲಿ ಹೊರಬಿದ್ದು ಮ್ಯಾಗ್ನೆಟೈಟ್ ಎಂಬ ಅಯಸ್ಕಾಂತೀಯ ಖನಿಜವಾಗಿರುತ್ತದೆ.

ನೆಲದ ಮೇಲೆ ಸಿಗುವ ಮ್ಯಾಂಟಲ್ ಶಿಲೆ ಒಳಗಿದ್ದಂತೆಯೇ ನಮ್ಮ ಕೈಗೆ ಬರುವುದಿಲ್ಲ ಎಂಬುದನ್ನು ನಾನು ಪಾಠದಲ್ಲಿ ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದೆ. ಅದು ಏನನ್ನು ಕಳೆದುಕೊಂಡಿದೆ, ದಾರಿಯಲ್ಲಿ ಏನನ್ನು ಪಡೆದುಕೊಂಡಿದೆ ಎಂದು ಎರಡು ಲೆಕ್ಕ ಇಟ್ಟರೆ ಮಾತ್ರ ಒಳಗಿನ ಸುದ್ದಿ ತಿಳಿಯುತ್ತದೆ. ಮುಂದಿನ ದಿನಗಳ ತಿರುಗಾಟವನ್ನು ಆ ಎರಡು ಲೆಕ್ಕಗಳಿಗೆ ತಕ್ಕಂತೆ ಹೊಂದಿಸಿಕೊಂಡೆ.

ಎರಡನೆಯ ದಿನ: ವಾದಿ ಜಿಝಿ

ಮೊದಲು ಕಳೆದುಕೊಂಡದ್ದರ ಲೆಕ್ಕ. ಅದಕ್ಕಾಗಿ ನಸುಕಿನಲ್ಲಿಯೇ ಹೊರಟು ಕರಾವಳಿಯ ಹೆದ್ದಾರಿಯಲ್ಲಿ ಸೊಹಾರ್ ತಲುಪಿ, ಅಲ್ಲಿಂದ ಬುರೈಮಿಯ ಕಡೆಗೆ ತಿರುಗುವ ದಾರಿಯಲ್ಲಿ ವಾದಿ ಜಿಝಿ ಎಂಬ ಕಣಿವೆಯನ್ನು ಹೊಕ್ಕೆವು. ವಾದಿ ಎಂದರೆ ಮಳೆ ಬಂದಾಗ ಮಾತ್ರ ಹರಿಯುವ ಹೊಳೆಯ ಪಾತ್ರ. ಅಲ್ಲಿನ ದಂಡೆಯೊಂದರಲ್ಲಿ ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಕಾಣುವ, ಬಸಾಲ್ಟ್ ಎಂಬ ಲಾವಾ ಕಲ್ಲಿನ ಗೋಡೆಯಿದೆ. ಜಿಯೋಟೈಮ್ಸ್ ಎಂಬ ಪತ್ರಿಕೆಯ ಮುಖಪುಟದಲ್ಲಿ 1975ರಲ್ಲಿ ಇದರ ಚಿತ್ರ ಅಚ್ಚಾದ ಮೇಲೆ ಈ ಲಾವಾ ಪದರಕ್ಕೆ ಆ ಪತ್ರಿಕೆಯ ಹೆಸರೇ ಅಂಟಿಕೊಂಡಿತು.

ಚಿತ್ರದುರ್ಗದ ಬಳಿಯ ಮರಡಿಹಳ್ಳಿಯ ದಿಂಬು ಲಾವಾವನ್ನು ನೋಡಿದವರಿಗೆ ಈ ಗೋಡೆಯ ಗುರುತು ಹತ್ತಲು ತಡವಾಗದು. ಸಮುದ್ರದ ತಳದಲ್ಲಿ ಬಾಯಿಬಿಟ್ಟ ಲಾವಾ ತಣ್ಣೀರು ತಗುಲಿದೊಡನೆ ಹೊರಗೆ ಗಾಜಿನಂತೆ ಹೆಪ್ಪುಗಟ್ಟಿ, ಒಳಗಿನ ಬಿಸಿದ್ರವ ಮತ್ತೊಂದು ಕಡೆ ಚಿಮ್ಮಿ ಇನ್ನೊಂದು ದಿಂಬಾಗುವ ಕ್ರಮ ಎರಡೂ ಕಡೆ ಒಂದೇ. ಮರಡಿಹಳ್ಳಿಯದು ಸುಮಾರು 250 ಕೋಟಿ ವರ್ಷ ಹಳೆಯದು, ಇದು ಹತ್ತು ಕೋಟಿಗೂ ಕಡಿಮೆ. ದಿಂಬಿನ ಆಕಾರದಲ್ಲಿ ಆ ವಯಸ್ಸಿನ ಅಂತರ ಗೊತ್ತೇ ಆಗುವುದಿಲ್ಲ.

ಇದು ಮ್ಯಾಂಟಲ್ ಅಲ್ಲ, ಸಾಗರದ ಭೂಕವಚದ ಮೇಲ್ಪದರ. ಆದರೆ ಇದೆಲ್ಲವೂ ಮ್ಯಾಂಟಲ್‌ನಿಂದ ಬಸಿದು ಬಂದದ್ದು. ಸಾಗರದ ಎರಡು ಫಲಕಗಳು ದೂರ ಸರಿಯುವಲ್ಲಿ ಕೆಳಗಿನ ಪೆರಿಡೊಟೈಟ್ ಮೇಲೇರುತ್ತದೆ. ಏರುವಾಗ ಅದರ ಕಾವು ಹೆಚ್ಚೇನೂ ಇಳಿಯುವುದಿಲ್ಲ, ಮೇಲಿನ ಒತ್ತಡ ಮಾತ್ರ ಇಳಿಯುತ್ತದೆ. ಒತ್ತಡ ಇಳಿದಂತೆ ಕರಗುವ ಬಿಂದುವೂ ಇಳಿಯುವುದರಿಂದ ಯಾರೂ ಹೊಸದಾಗಿ ಬೆಂಕಿ ಹಾಕದೆಯೇ ಕಲ್ಲು ಬೆವರತೊಡಗುತ್ತದೆ. ಪೂರ್ತಿ ಕರಗುವುದಿಲ್ಲ. ನೂರರಲ್ಲಿ ಹದಿನೈದು ಇಪ್ಪತ್ತು ಪಾಲು ಮಾತ್ರ ಶಿಲಾಪಾಕವಾಗಿ ಬೇರ್ಪಟ್ಟು ಮೇಲೇರಿ ಬಸಾಲ್ಟ್ ಆಗುತ್ತದೆ, ಉಳಿದದ್ದು ಕೆಳಗೆ ಗಸಿಯಾಗಿ ನಿಲ್ಲುತ್ತದೆ. ದರ್ಸೈತ್‌ನ ಗುಡ್ಡ ಆ ಗಸಿ.

ಮಧ್ಯಾಹ್ನ ಕಣಿವೆಯ ಇನ್ನೊಂದು ಕಡೆ ಡೈಕ್‌ಗಳ ಸಾಲನ್ನು ನೋಡಿದೆವು. ಪುಸ್ತಕದ ಹಾಳೆಗಳಂತೆ ನೆಟ್ಟಗೆ ನಿಂತ ಕಲ್ಲಿನ ಹಲಗೆಗಳು, ಒಂದೊಂದೂ ಆಳೆತ್ತರಕ್ಕಿಂತ ಕಡಿಮೆ ದಪ್ಪ, ನಡುವೆ ಬೇರೆ ಶಿಲೆಯೇ ಇಲ್ಲ. ಬಿರುಕೊಂದು ತೆರೆಯಿತು, ಶಿಲಾಪಾಕ ತುಂಬಿತು, ತಣಿಯಿತು, ಅದರ ನಡುವೆಯೇ ಮತ್ತೊಂದು ಬಿರುಕು ತೆರೆಯಿತು ಎಂಬ ಕ್ರಮ ಸಾವಿರಾರು ಸಲ ನಡೆಯದೆ ಇಂಥ ಸಾಲು ಆಗಲಾರದು. ಸಾಗರತಳ ಹಿಗ್ಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿಯನ್ನು ನಾನು ಕಂಡಿಲ್ಲ.

ಇದೇ ಲಾವಾ ಪದರಗಳಲ್ಲಿ ಸಾಗರತಳದ ಬಿಸಿನೀರಿನ ಊಟೆಗಳು ಬಿಟ್ಟುಹೋದ ತಾಮ್ರವಿದೆ. ಮೆಸೊಪೊಟೇಮಿಯಾದ ಮಣ್ಣಿನ ಹಲಗೆಗಳಲ್ಲಿ ತಾಮ್ರದ ನಾಡೆಂದು ಬರುವ ಮಗನ್ ಎಂಬುದು ಈ ಸೀಮೆಯೇ. ಅಳಿಯನಿಗೆ ಕಲ್ಲಿಗಿಂತ ಈ ವಿಷಯವೇ ಹೆಚ್ಚು ಹಿಡಿಸಿತು, ಹಿಂತಿರುಗುವ ದಾರಿಯುದ್ದಕ್ಕೂ ಅದೇ ಮಾತು.

ಮೂರನೆಯ ದಿನ: ಮನೆಯಲ್ಲಿ

ಮಂಡಿನೋವಿನ ಕಾರಣ ಎಲ್ಲಿಗೂ ಹೋಗಲಿಲ್ಲ. ಹೆಂಡತಿಯ ಏಳು ಕಲ್ಲಿನ ವಜ್ರದ ಓಲೆಯ ಮೇಲೆ ಮಾತು ಬಂತು. ಅದರ ಒಂದು ಕಲ್ಲಿನಲ್ಲಿ ಕಣ್ಣಿಗೆ ಕಾಣುವಷ್ಟು ದೊಡ್ಡ ಚುಕ್ಕೆಯಿದೆಯೆಂದು ನಮ್ಮ ಅತ್ತೆಯವರ ಕಾಲದಿಂದಲೂ ಕೊರಗಿದೆ. ಅಕ್ಕಸಾಲಿಗರು ದೋಷವೆನ್ನುವ ಅಂಥ ಚುಕ್ಕೆಗಾಗಿ ಭೂವಿಜ್ಞಾನಿಗಳು ಖಂಡ ಖಂಡ ಅಲೆಯುತ್ತಾರೆ ಎಂದಾಗ ಅವಳು ನನ್ನನ್ನು ನೋಡಿದ ನೋಟದಲ್ಲಿ ನಂಬಿಕೆಯಿರಲಿಲ್ಲ.

ಒಮಾನ್‌ನ ಪೆರಿಡೊಟೈಟ್ ಎಷ್ಟೇ ವಿಶಾಲವಾಗಿದ್ದರೂ ಅದು ಮ್ಯಾಂಟಲ್‌ನ ಮೇಲಿನ ಕೆನೆಯಷ್ಟೇ, ಹತ್ತು ಕಿಲೋಮೀಟರಿನ ಆಸುಪಾಸಿನ ದಪ್ಪ. ಅದಕ್ಕಿಂತ ಆಳದ ಶಿಲೆ ಬೇಕಾದರೆ ಕಿಂಬರ್ಲೈಟ್ ಕೊಳವೆಗಳತ್ತ ಹೋಗಬೇಕು. ನೂರೈವತ್ತು, ಇನ್ನೂರು ಕಿಲೋಮೀಟರ್ ಆಳದಿಂದ ಅನಿಲದ ರಭಸಕ್ಕೆ ನುಗ್ಗಿ ಬರುವ ಆ ಶಿಲಾಪಾಕವು ದಾರಿಯ ಗೋಡೆಯಿಂದ ಮ್ಯಾಂಟಲ್‌ನ ತುಂಡುಗಳನ್ನು ಕಿತ್ತು ತರುತ್ತದೆ. ನಮ್ಮ ಬಳ್ಳಾರಿಯ ಪಕ್ಕದ ಅನಂತಪುರ ಜಿಲ್ಲೆಯ ವಜ್ರಕರೂರಿನಲ್ಲಿ ಇಂಥ ಕೊಳವೆಗಳಿವೆ; ಸುಮಾರು 110 ಕೋಟಿ ವರ್ಷಗಳ ಹಿಂದೆ ಅವು ತಂದ ತುಂಡುಗಳಲ್ಲಿ ಕೆಂಪು ಗಾರ್ನೆಟ್ ಇದೆ. ಗಾರ್ನೆಟ್ ಇದೆಯೆಂದರೆ ತುಂಡು ಎಂಬತ್ತು ಕಿಲೋಮೀಟರಿಗಿಂತ ಆಳದ್ದು ಎಂದು ತಿಳಿಯಬಹುದು, ಏಕೆಂದರೆ ಪೆರಿಡೊಟೈಟ್‌ನಲ್ಲಿರುವ ಅಲ್ಯೂಮಿನಿಯಂ ಅಂಶವು ಕಡಿಮೆ ಆಳದಲ್ಲಿ ಪ್ಲೇಜಿಯೋಕ್ಲೇಸ್, ಅದರ ಕೆಳಗೆ ಸ್ಪಿನೆಲ್, ಮತ್ತೂ ಕೆಳಗೆ ಗಾರ್ನೆಟ್ ಎಂಬ ಖನಿಜಗಳಲ್ಲಿ ಒತ್ತಡಕ್ಕೆ ತಕ್ಕಂತೆ ಮನೆ ಬದಲಿಸುತ್ತದೆ. ಧಾರವಾಡ ಸೀಮೆ ಎಂಬ ಪುರಾತನ ಖಂಡಭಾಗದ ಬೇರು ಎಷ್ಟು ಆಳ, ಎಷ್ಟು ತಂಪು ಎಂದು ಅರಿಯಲು ಸಹಾಯ ಮಾಡಿದ ಸಾಮಗ್ರಿಗಳಲ್ಲಿ ಈ ಮುಷ್ಟಿಗಾತ್ರದ ತುಂಡುಗಳೂ ಸೇರಿವೆ.

ಇನ್ನೂ ಆಳಕ್ಕೆ ವಜ್ರವೇ ಡಬ್ಬಿ. ಬ್ರೆಜಿಲ್‌ನ ಜುಯಿನಾದಲ್ಲಿ ಸಿಕ್ಕ, ಮಾರುಕಟ್ಟೆಯಲ್ಲಿ ಬೆಲೆಯೇ ಇಲ್ಲದ ಒಂದು ಮಾಸಲು ವಜ್ರದೊಳಗೆ ರಿಂಗ್‌ವುಡೈಟ್ ಎಂಬ ಖನಿಜದ ಸೂಕ್ಷ್ಮ ಕಣವಿರುವುದನ್ನು ಗ್ರಹಾಂ ಪಿಯರ್ಸನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದರು. ಅದು ಆಲಿವೀನ್‌ನ ಆಳದ ರೂಪ; 410ರಿಂದ 660 ಕಿಲೋಮೀಟರಿನ ನಡುವಣ ವಲಯದ ಕೆಳಭಾಗದಲ್ಲಿ ಮಾತ್ರ ಸ್ಥಿರ. ಆ ಕಣದಲ್ಲಿ ತೂಕದ ನೂರಕ್ಕೆ ಒಂದಕ್ಕೂ ಮಿಕ್ಕಿ ನೀರಿನಂಶವಿತ್ತು. ದ್ರವರೂಪದ ನೀರಲ್ಲ, ಹರಳಿನ ರಚನೆಯೊಳಗೆ ಸೆರೆಯಾದ ನೀರು. ಈ ಸುದ್ದಿಯನ್ನು ಪತ್ರಿಕೆಗಳು ಭೂಗರ್ಭದಲ್ಲಿ ಸಾಗರ ಪತ್ತೆಯಾಯಿತೆಂದು ಬರೆದದ್ದನ್ನು ನೆನೆದರೆ ಈಗಲೂ ಬೇಸರವಾಗುತ್ತದೆ, ಕಲ್ಲು ನೀರನ್ನು ಹಿಡಿದುಕೊಳ್ಳಬಲ್ಲದು ಎಂಬ ನಿಜವಾದ ಸುದ್ದಿಯೇ ಸಾಕಷ್ಟು ದೊಡ್ಡದಿತ್ತು.

ನಾಲ್ಕನೆಯ ದಿನ: ವಾದಿ ಅಲ್ ಅಬ್ಯದ್

ನಖಲ್ ಕೋಟೆಯನ್ನು ದೂರದಿಂದಲೇ ನೋಡಿ ಮುಂದೆ ಸಾಗಿದೆವು. ವಾದಿ ಅಲ್ ಅಬ್ಯದ್‌ನೊಳಗೆ ಜಲ್ಲಿಕಲ್ಲಿನ ಹಾಸಿನ ಮೇಲೆಯೇ ಗಾಡಿ ಓಡಿಸಬೇಕು. ಒಂದು ತಿರುವಿನಲ್ಲಿ ಚಕ್ರಗಳು ಹೂತುಹೋಗಿ, ಅರ್ಧ ತಾಸು ಒದ್ದಾಡಿದ ಮೇಲೆ ಆಡುಗಳನ್ನು ಹೊತ್ತು ಬಂದ ಪಿಕಪ್ ಗಾಡಿಯ ಒಮಾನಿ ಹಿರಿಯರೊಬ್ಬರು ಹಗ್ಗ ಹಾಕಿ ಎಳೆದುಕೊಟ್ಟರು. ನಾವು ಕೊಟ್ಟ ಕೋಡುಬಳೆಯ ಪೊಟ್ಟಣವನ್ನು ತೆಗೆದುಕೊಂಡು ಬದಲಿಗೆ ಖರ್ಜೂರ ಕೊಟ್ಟು ಹೋದರು.

ಈ ಕಣಿವೆಯಲ್ಲಿ ನಾನು ನೋಡಬೇಕೆಂದಿದ್ದದ್ದು ಮೋಹೋ, ಅಂದರೆ ಭೂಕವಚಕ್ಕೂ ಮ್ಯಾಂಟಲ್‌ಗೂ ನಡುವಿನ ಗಡಿ. 1909ರ ಅಕ್ಟೋಬರಿನಲ್ಲಿ ಕ್ರೊವೇಷಿಯಾದ ಕೂಪಾ ಕಣಿವೆಯಲ್ಲಿ ಭೂಕಂಪವಾದಾಗ ಆಂದ್ರಿಯಾ ಮೊಹೊರೊವಿಚಿಚ್ ಎಂಬ ವಿಜ್ಞಾನಿ ಹಲವು ಕೇಂದ್ರಗಳ ದಾಖಲೆಗಳನ್ನು ಹೋಲಿಸಿ, ದೂರದ ಕೇಂದ್ರಗಳಿಗೆ ಕೆಲವು ಅಲೆಗಳು ನಿರೀಕ್ಷೆಗಿಂತ ಮೊದಲೇ ಬಂದಿರುವುದನ್ನು ಕಂಡುಕೊಂಡರು. ಅವು ಆಳಕ್ಕಿಳಿದು, ಸೆಕೆಂಡಿಗೆ ಎಂಟು ಕಿಲೋಮೀಟರ್ ವೇಗ ಕೊಡುವ ಬೇರೆಯೇ ಶಿಲೆಯೊಂದರ ಮೂಲಕ ಓಡಿ ಬಂದಿದ್ದವು. ಆ ವೇಗ ಬದಲಾಗುವ ಗಡಿಗೆ ಅವರ ಹೆಸರನ್ನೇ ಮೊಟಕುಗೊಳಿಸಿ ಇಡಲಾಗಿದೆ. 1961ರಲ್ಲಿ ಅಮೆರಿಕದವರು ಮೆಕ್ಸಿಕೋದ ಗ್ವಾಡಲೂಪೆ ದ್ವೀಪದ ಬಳಿ ಮೂರೂವರೆ ಕಿಲೋಮೀಟರ್ ಆಳದ ನೀರಿನಡಿಯಲ್ಲಿ ಆ ಗಡಿಯನ್ನು ತಲುಪುವ ಉದ್ದೇಶದಿಂದ ಕೊರೆತ ಆರಂಭಿಸಿ, ಸಾಗರತಳದಿಂದ 183 ಮೀಟರ್ ಇಳಿದರು. ಖರ್ಚು ಏರಿ 1966ರಲ್ಲಿ ಯೋಜನೆ ನಿಂತುಹೋಯಿತು. ಅವರು ಇಳಿಯಲಾಗದ ಗಡಿ ಇಲ್ಲಿ ಓರೆಯಾಗಿ ಮಲಗಿ ಬಿಸಿಲು ಕಾಯುತ್ತಿದೆ.

ಬಲಗಡೆಯ ದಿಬ್ಬದಲ್ಲಿ ಬೂದು ಬಿಳುಪಿನ ಪಟ್ಟಿಪಟ್ಟಿಯಾದ ಗ್ಯಾಬ್ರೊ ಇತ್ತು. ಶಿಲಾಪಾಕದ ಕೋಣೆಯ ತಳದಲ್ಲಿ ಹರಳುಗಳು ಪದರವಾಗಿ ಕೂಡಿದ ಶಿಲೆ ಅದು, ಭೂಕವಚದ ಅಡಿಪಾಯ. ಅದರ ಕೆಳಗಿನ ಕಲ್ಲು ಇದ್ದಕ್ಕಿದ್ದಂತೆ ಸಾಸಿವೆ ಕಂದು ಬಣ್ಣಕ್ಕೆ ತಿರುಗಿತ್ತು. ಎಡಗಾಲು ಗ್ಯಾಬ್ರೊ ಮೇಲೆ, ಬಲಗಾಲು ಡ್ಯೂನೈಟ್ ಎಂಬ ಮ್ಯಾಂಟಲ್ ಶಿಲೆಯ ಮೇಲೆ ಇಟ್ಟು ನಿಂತೆ. ಮಗಳು ಫೋಟೋ ತೆಗೆದಳು. ನಿಜ ಹೇಳಬೇಕೆಂದರೆ ಆ ಗೆರೆ ನಾನು ಹಲಗೆಯ ಮೇಲೆ ಎಳೆಯುತ್ತಿದ್ದಷ್ಟು ಚೊಕ್ಕವಾಗಿರಲಿಲ್ಲ. ಗ್ಯಾಬ್ರೊದ ನಾಲಗೆಗಳು ಕೆಳಗೂ, ಡ್ಯೂನೈಟ್‌ನ ತುಣುಕುಗಳು ಮೇಲೂ ಸೇರಿಕೊಂಡಿದ್ದವು. ಒಮಾನ್‌ನಲ್ಲಿ ಈ ಬದಲಾವಣೆ ಕೆಲವೆಡೆ ಕೆಲವೇ ಮೀಟರುಗಳಲ್ಲಿ ಮುಗಿದರೆ ಕೆಲವೆಡೆ ನೂರಾರು ಮೀಟರ್ ತೆಗೆದುಕೊಳ್ಳುತ್ತದೆ. 2016ರಿಂದ 2018ರವರೆಗಿನ ಚಳಿಗಾಲಗಳಲ್ಲಿ ನಡೆದ ಒಮಾನ್ ಡ್ರಿಲ್ಲಿಂಗ್ ಪ್ರಾಜೆಕ್ಟ್ ಈ ಗಡಿಯನ್ನು ಬೇರೊಂದು ಕಣಿವೆಯಲ್ಲಿ ಸುಮಾರು 400 ಮೀಟರ್ ಕೊರೆದು ದಾಟಿತು. ತೆಗೆದ ಕಲ್ಲಿನ ಕಂಬಗಳನ್ನು ಜಪಾನಿಗೆ ಸಾಗಿಸಿ, ಚಿಕ್ಯು ಎಂಬ ಕೊರೆತದ ಹಡಗಿನ ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಯಿತು.

ಕಣಿವೆಯಲ್ಲಿ ಮುಂದೆ ನಡೆದಂತೆ ಎರಡು ಬಗೆಯ ಮ್ಯಾಂಟಲ್ ಶಿಲೆಯನ್ನು ಕೈಬೆರಳಿನಿಂದಲೇ ಗುರುತಿಸಲು ಮೊಮ್ಮಗ ಕಲಿತ. ಹಾರ್ಜ್‌ಬರ್ಗೈಟ್‌ನ ಮೇಲ್ಮೈ ಕಡಲೆಬೀಜದ ಚಿಕ್ಕಿಯಂತೆ ಗಂಟುಗಂಟು, ಏಕೆಂದರೆ ಅದರ ಪೈರಾಕ್ಸೀನ್ ಹರಳುಗಳು ಸವೆಯದೆ ಎದ್ದು ನಿಂತಿರುತ್ತವೆ. ಡ್ಯೂನೈಟ್‌ನಲ್ಲಿ ಇರುವುದು ಹೆಚ್ಚು ಕಡಿಮೆ ಆಲಿವೀನ್ ಒಂದೇ, ಆದ್ದರಿಂದ ಅದು ನಯ. ಹಾರ್ಜ್‌ಬರ್ಗೈಟ್ ಎಂಬುದೇ ಕಳೆದುಕೊಂಡದ್ದರ ಹೆಸರು: ಮೂಲ ಪೆರಿಡೊಟೈಟ್‌ನಲ್ಲಿದ್ದ ಕ್ಯಾಲ್ಸಿಯಂಭರಿತ ಪೈರಾಕ್ಸೀನ್ ಬೇಗ ಕರಗುವ ಖನಿಜವಾದ್ದರಿಂದ ಮೊದಲು ಹೊರಟುಹೋಗಿ, ವಾದಿ ಜಿಝಿಯ ದಿಂಬುಗಳ ಪಾಲಿಗೆ ಸೇರಿದೆ. ಆ ಶಿಲಾಪಾಕ ಮೇಲೇರಿದ ದಾರಿಯೂ ಇಲ್ಲಿ ಉಳಿದಿದೆ. ಹಾರ್ಜ್‌ಬರ್ಗೈಟ್‌ನ ನಡುವೆ ಹೊಳೆಗಳಂತೆ ಕವಲೊಡೆಯುವ ನಯವಾದ ಡ್ಯೂನೈಟ್ ಪಟ್ಟಿಗಳೇ ಆ ದಾರಿಗಳೆಂದು ಪೀಟರ್ ಕೆಲೆಮನ್ ಮತ್ತು ಸಂಗಡಿಗರು 1995ರಲ್ಲಿ ವಾದಿಸಿದರು. ಏರುತ್ತಿದ್ದ ದ್ರವವು ದಾರಿಯ ಗೋಡೆಯ ಪೈರಾಕ್ಸೀನನ್ನು ಕರಗಿಸಿಕೊಂಡು ಆಲಿವೀನನ್ನು ಬಿಟ್ಟುಹೋಗುವುದರಿಂದ ಪಟ್ಟಿ ಉಳಿಯುತ್ತದೆ. ಭೂಕಂಪದ ಅಲೆಗಳಿಂದ ಎಷ್ಟೇ ನಿಖರವಾಗಿ ಅಳೆದರೂ ಒಂದೆರಡು ಮೀಟರ್ ಅಗಲದ ಈ ಕಾಲುವೆಗಳು ಕಾಣುವುದಿಲ್ಲ. ಮ್ಯಾಂಟಲ್ ಶಿಲೆಯನ್ನು ಕಣ್ಣಾರೆ ನೋಡುವುದರಿಂದ ದೊರೆಯುವ ಅತಿ ದೊಡ್ಡ ಲಾಭ ಇದೇ ಎಂದು ನನ್ನ ಅಭಿಪ್ರಾಯ.

ಮೊಮ್ಮಗನಿಗೆ ಕೊಟ್ಟ ಮಾತನ್ನೂ ಇಲ್ಲಿಯೇ ಉಳಿಸಿಕೊಂಡೆ. ಹಾರ್ಜ್‌ಬರ್ಗೈಟ್‌ನ ಗಂಟುಗಳು ಎಲ್ಲೆಂದರಲ್ಲಿ ಚೆಲ್ಲಿರಲಿಲ್ಲ. ಬಂಡೆಯ ಮೇಲೆ ಓರೆಯಾಗಿ ಒಂದೇ ದಿಕ್ಕಿಗೆ ಎಳೆದಂತೆ ಸಾಲುಗಟ್ಟಿದ್ದವು, ಕೆಲವು ಹಿಟ್ಟು ನಾದುವಾಗ ಎಳೆದ ಹಾಗೆ ಉದ್ದವಾಗಿದ್ದವು. ಗಟ್ಟಿಕಲ್ಲು ಹರಿದದ್ದರ ಗುರುತು ಅದು. ಅಡಾಲ್ಫ್ ನಿಕೋಲಾಸ್ ಮತ್ತು ಫ್ರಾನ್ಸ್ವಾಸ್ ಬೂದಿಯೆ ಇಂಥ ಸಾಲುಗಳ ದಿಕ್ಕನ್ನು ವರ್ಷಗಟ್ಟಲೆ ಅಳೆದು, ಮ್ಯಾಂಟಲ್ ಎಲ್ಲಿ ಬುಗ್ಗೆಯಂತೆ ಮೇಲೆದ್ದು ಯಾವ ಕಡೆಗೆ ಹರಡಿತು ಎಂಬ ನಕ್ಷೆಯನ್ನೇ ಮಾಡಿದರು. ಹರಳುಗಳು ಹೀಗೆ ಒಂದೇ ಕಡೆ ಮುಖ ಮಾಡಿರುವುದರಿಂದಲೇ ಸಾಗರದಡಿಯ ಮ್ಯಾಂಟಲ್‌ನಲ್ಲಿ ಭೂಕಂಪದ ಅಲೆಗಳು ಒಂದು ದಿಕ್ಕಿನಲ್ಲಿ ಬೇಗ, ಇನ್ನೊಂದು ದಿಕ್ಕಿನಲ್ಲಿ ನಿಧಾನವಾಗಿ ಸಾಗುತ್ತವೆ. ಹುಡುಗ ಆ ಸಾಲಿನ ಮೇಲೆ ಬೆರಳಾಡಿಸಿ, "ಚಪಾತಿ ಹಿಟ್ಟಿನ ಹಾಗೆ" ಎಂದ. ಮೂವತ್ತು ವರ್ಷ ನನಗೆ ಹೊಳೆಯದ ಹೋಲಿಕೆ.

ಇಲ್ಲಿನ ಕಲ್ಲೊಂದನ್ನು ತೂಗಿದೆವು. ಗಾಳಿಯಲ್ಲಿ 1.74, ನೀರಿನಲ್ಲಿ 1.14, ಸಾಂದ್ರತೆ 2.9. ದರ್ಸೈತ್‌ನದಕ್ಕಿಂತ ಕಡಿಮೆ ನೀರು ಕುಡಿದ ಕಲ್ಲು, ಅರ್ಧದಷ್ಟು ಆಲಿವೀನ್ ಇನ್ನೂ ಉಳಿದಿರಬೇಕು. ಅಯಸ್ಕಾಂತ ಅಂಟಿಕೊಂಡಿತು. ಈ ಸಂಖ್ಯೆಗಳು ಬರೀ ಹುಡುಗಾಟಕ್ಕಲ್ಲ. ಸರ್ಪೆಂಟೀನ್ ಹೆಚ್ಚಿದಂತೆ ಸಾಂದ್ರತೆಯೊಂದಿಗೆ ಅಲೆಗಳ ವೇಗವೂ ಇಳಿದು ಭೂಕವಚದ ಶಿಲೆಯಂತೆಯೇ ಆಗಿಬಿಡುತ್ತದೆ. ಹಾಗಾದರೆ ಸಾಗರದಡಿಯಲ್ಲಿ ನಾವು ಮೋಹೋ ಎನ್ನುವುದು ಗ್ಯಾಬ್ರೊ ಮತ್ತು ಪೆರಿಡೊಟೈಟ್‌ಗಳ ಗಡಿಯೋ, ಇಲ್ಲವೇ ಕೆಲವೆಡೆಗಳಲ್ಲಾದರೂ ನೀರು ಇಳಿದು ನಿಂತ ಆಳವೋ? ಹ್ಯಾರಿ ಹೆಸ್ 1962ರಲ್ಲಿಯೇ ಎರಡನೆಯದನ್ನು ಸೂಚಿಸಿದ್ದರು. ಒಮಾನ್‌ನಂಥ ಕಡೆ ಮೊದಲನೆಯದೇ ಸರಿಯೆಂದು ಕಾಲ ಕೆಳಗಿನ ಗೆರೆ ಹೇಳುತ್ತದೆ. ಆದರೆ ಫಲಕಗಳು ನಿಧಾನವಾಗಿ ಸರಿಯುವ ಅಟ್ಲಾಂಟಿಕ್‌ನಲ್ಲಿ ಗ್ಯಾಬ್ರೊದ ಪದರವೇ ಹರಕು, ಮ್ಯಾಂಟಲ್ ಹಲವೆಡೆ ಸಾಗರತಳಕ್ಕೇ ಬಂದಿದೆ. 2023ರಲ್ಲಿ ಜಾಯ್ಡಿಸ್ ರೆಸಲ್ಯೂಶನ್ ಹಡಗು ಅಲ್ಲಿನ ಅಟ್ಲಾಂಟಿಸ್ ಮ್ಯಾಸಿಫ್ ಎಂಬಲ್ಲಿ 1,268 ಮೀಟರ್ ಕೊರೆದಾಗ ಮೇಲೆ ಬಂದದ್ದರಲ್ಲಿ ಬಹುಪಾಲು ನೀರು ಕುಡಿದ ಪೆರಿಡೊಟೈಟ್.

ಕಣಿವೆಯ ಹೆಸರಿನ ಅರ್ಥ ಬಿಳಿಯ ಹೊಳೆ. ಬಿಳುಪು ಏಕೆಂದು ನೀಲಿ ಮಡುಗಳ ಹತ್ತಿರ ಬಂದಾಗ ತಿಳಿಯಿತು. ಪೆರಿಡೊಟೈಟ್‌ನ ಬಿರುಕುಗಳಲ್ಲಿ ದೀರ್ಘಕಾಲ ಇದ್ದು ಹೊರಬರುವ ನೀರು ತೀರ ಕ್ಷಾರವಾಗಿರುತ್ತದೆ. ಮೈಸೂರಿನಿಂದ ತಂದಿದ್ದ ಪರೀಕ್ಷಾ ಕಾಗದವನ್ನು ಅದ್ದಿದಾಗ ಪಿಎಚ್ 11ಕ್ಕೂ 12ಕ್ಕೂ ನಡುವಿನ ಬಣ್ಣ ತೋರಿತು. ಬೆರಳಿಗೆ ಸಾಬೂನಿನಂತೆ ಜಾರುತ್ತಿತ್ತು. ನೀರಿನ ಮೇಲೆ ಹಾಲಿನ ಕೆನೆಯಂಥ ತೆಳುವಾದ ಬಿಳಿ ಪೊರೆ, ತಳದಲ್ಲಿ ಬಿಳಿ ಗಸಿ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಆ ಕ್ಷಾರದ ನೀರಿನಲ್ಲಿನ ಕ್ಯಾಲ್ಸಿಯಂನೊಡನೆ ಸೇರಿ ಕಣ್ಣೆದುರಿಗೇ ಸುಣ್ಣದಕಲ್ಲಾಗುತ್ತಿತ್ತು. ಒಣಗಿದ ಪೊರೆಯ ಮೇಲೆ ನಿಂಬೆರಸ ಹಿಂಡಿದಾಗ ಸಣ್ಣಗೆ ನೊರೆ ಬಂತು. ನೀರು ಕಲ್ಲಿನೊಡನೆ ವರ್ತಿಸುವಾಗ ಜಲಜನಕವೂ ಬಿಡುಗಡೆಯಾಗುತ್ತದೆ, ಸೂರ್ಯನ ಬೆಳಕೇ ಇಲ್ಲದ ಆ ಬಿರುಕುಗಳಲ್ಲಿ ಸೂಕ್ಷ್ಮಜೀವಿಗಳು ಅದನ್ನು ಉಂಡು ಬದುಕುತ್ತವೆ.

ಐದನೆಯ ದಿನ: ಫಂಜಾ

ಪಡೆದುಕೊಂಡದ್ದರ ಲೆಕ್ಕ ನಿನ್ನೆ ನೀರಿನಿಂದ ಗಾಳಿಗೆ ಬಂದಿತ್ತು. ಕೊನೆಯ ದಿನ ಅದರ ತುದಿಯನ್ನು ನೋಡಲು ಫಂಜಾದ ಹತ್ತಿರದ ವಾದಿ ಮನ್ಸಾಕ್ಕೆ ಹೋದೆವು. ಮ್ಯಾಂಟಲ್‌ನ ಹಾಳೆ ಅರೇಬಿಯಾದ ಮೇಲೆ ಜಾರಿ ಕುಳಿತ ತಳದ ಗಡಿ ಇಲ್ಲಿ ಹಾದುಹೋಗುತ್ತದೆ. ಕಪ್ಪು ಗುಡ್ಡಗಳ ನಡುವೆ ಇಟ್ಟಿಗೆ ಕೆಂಪಿನ ದಿಣ್ಣೆಗಳು ಎದ್ದು ನಿಂತಿವೆ, ಅದೇ ಲಿಸ್ಟ್‌ವೆನೈಟ್ ಎಂಬ ಶಿಲೆ. ಕೆಳಗೆ ಹೂತುಹೋದ ಸಾಗರದ ಕೆಸರಿನಿಂದ ಮೇಲೇರಿದ ಇಂಗಾಲಯುಕ್ತ ದ್ರವವು ಪೆರಿಡೊಟೈಟ್‌ನ ಆಲಿವೀನ್ ಮತ್ತು ಸರ್ಪೆಂಟೀನ್‌ನಲ್ಲಿದ್ದ ಮೆಗ್ನೀಸಿಯಂ ಅಷ್ಟನ್ನೂ ಕಾರ್ಬೊನೇಟ್ ಮಾಡಿ, ಉಳಿದ ಸಿಲಿಕಾವನ್ನು ಸ್ಫಟಿಕಶಿಲೆಯ ಕಣಗಳಾಗಿ ಬಿಟ್ಟಿದೆ. ಡ್ರಿಲ್ಲಿಂಗ್ ಪ್ರಾಜೆಕ್ಟ್ ಇಲ್ಲಿ 300 ಮೀಟರ್ ಕೊರೆದಾಗ ಮೊದಲ ಇನ್ನೂರು ಮೀಟರ್ ಬಹುಮಟ್ಟಿಗೆ ಇದೇ ಶಿಲೆ, ಅದರ ಕೆಳಗೆ ಕಾವಿಗೆ ಬೆಂದು ರೂಪ ಬದಲಿಸಿದ ಸಾಗರತಳದ ಶಿಲೆಗಳು ಸಿಕ್ಕವು.

ದೊಡ್ಡಕನ್ಯದ ಮ್ಯಾಗ್ನಸೈಟ್ (ಮೆಗ್ನೀಸಿಯಂ ಕಾರ್ಬೊನೇಟ್) ಗಣಿಗಳಿಗೆ ನಾನು ವಿದ್ಯಾರ್ಥಿಗಳನ್ನು ಎಷ್ಟೋ ವರ್ಷ ಕರೆದೊಯ್ದಿದ್ದೇನೆ. ಮೈಸೂರಿನ ಪಕ್ಕದ ಆ ಕಲ್ಲು ಓಫಿಯೊಲೈಟ್ ಅಲ್ಲ, ವಯಸ್ಸಿನಲ್ಲಿ ಎಷ್ಟೋ ಪಾಲು ಹಿರಿಯದು. ಆದರೆ ಮೆಗ್ನೀಸಿಯಂ ತುಂಬಿದ ಹಸಿರು ಶಿಲೆಯನ್ನು ಇಂಗಾಲದ ಅಂಶ ಹೊಕ್ಕು ಬಿಳಿಯ ಮ್ಯಾಗ್ನಸೈಟ್ ಎಳೆಗಳನ್ನು ಮಾಡಿದ ರಸಾಯನ ಇದಕ್ಕೆ ಹತ್ತಿರದ್ದೇ. ಅದನ್ನು ಭಟ್ಟಿಗಳ ಒಳಗೋಡೆಯ ಇಟ್ಟಿಗೆಗಳ ಕಚ್ಚಾವಸ್ತುವೆಂದು ಮಾತ್ರ ಹೇಳಿಕೊಡುತ್ತಿದ್ದೆ. ಈಗ ಒಮಾನ್‌ನಲ್ಲಿ ಅದೇ ವರ್ತನೆಯನ್ನು ಬೇಕೆಂದೇ ನಡೆಸುವ ಪ್ರಯತ್ನವಿದೆ. ಒಮಾನ್‌ನ ಪೆರಿಡೊಟೈಟ್ ತನ್ನ ಪಾಡಿಗೆ ವರ್ಷಕ್ಕೆ ಹತ್ತು ಸಾವಿರದಿಂದ ಒಂದು ಲಕ್ಷ ಟನ್ ಇಂಗಾಲದ ಡೈಆಕ್ಸೈಡನ್ನು ಕಲ್ಲಾಗಿಸುತ್ತಿದೆ ಎಂದು ಕೆಲೆಮನ್ ಮತ್ತು ಯೂರ್ಗ್ ಮ್ಯಾಟರ್ 2008ರಲ್ಲಿ ಲೆಕ್ಕ ಹಾಕಿದರು. ಆ ಅನಿಲದ ಅಣುತೂಕವನ್ನೇ ಹೆಸರಾಗಿಟ್ಟುಕೊಂಡ 44.01 ಎಂಬ ಮಸ್ಕತ್‌ನ ಕಂಪನಿ ಅನಿಲವನ್ನು ನೀರಿನಲ್ಲಿ ಕರಗಿಸಿ ಇಂಥ ಶಿಲೆಯೊಳಗೆ ಇಳಿಸುವ ಕೆಲಸದಲ್ಲಿದ್ದು, 2022ರಲ್ಲಿ ಪರಿಸರ ಕಾರ್ಯಕ್ಕೆ ಕೊಡುವ ಅರ್ಥ್‌ಶಾಟ್ ಪ್ರಶಸ್ತಿ ಪಡೆಯಿತು. ಜಗತ್ತಿನ ಹೊಗೆಯನ್ನೆಲ್ಲ ಕಲ್ಲು ನುಂಗಿಬಿಡುತ್ತದೆ ಎಂಬ ಉತ್ಸಾಹದಲ್ಲಿ ನನಗೆ ಪಾಲಿಲ್ಲ. ಕಲ್ಲು ಎಷ್ಟಿದೆ ಎಂಬುದಕ್ಕಿಂತ ನೀರು ಒಳಹೊಕ್ಕ ಬಿರುಕುಗಳೇ ತುಂಬಿ ಮುಚ್ಚಿಹೋದರೆ ಮುಂದೇನು ಎಂಬುದೇ ಮುಖ್ಯ ಪ್ರಶ್ನೆ.

ಹೊರಡುವ ಮುನ್ನ ಮೊಮ್ಮಗ ತಕ್ಕಡಿ ಹಿಡಿದು ಕಾಯುತ್ತಿದ್ದ. ಕೆಂಪು ಕಲ್ಲು ಗಾಳಿಯಲ್ಲಿ 1.68, ನೀರಿನಲ್ಲಿ 1.10. ಭಾಗಿಸಿದಾಗ ಮತ್ತೆ 2.9 ಬಂತು. ನಿನ್ನೆಯ ಕಲ್ಲಿನದೇ ಸಂಖ್ಯೆ. "ಹಾಗಾದರೆ ಎರಡೂ ಒಂದೇನಾ ತಾತ?" ಎಂದು ಕೇಳಿದ. ಒಂದು, ಅರ್ಧ ಆಲಿವೀನ್ ಉಳಿಸಿಕೊಂಡ ಮ್ಯಾಂಟಲ್. ಇನ್ನೊಂದರಲ್ಲಿ ಆಲಿವೀನ್‌ನ ಒಂದು ಕಣವೂ ಇಲ್ಲ. ಏನೂ ಹೇಳದೆ ಅಯಸ್ಕಾಂತದ ದಾರವನ್ನು ಅವನ ಕೈಗೆ ಕೊಟ್ಟೆ. ಅವನು ಅದನ್ನು ಕೆಂಪು ಕಲ್ಲಿನ ನಾಲ್ಕೂ ಕಡೆಗೆ ತಾಗಿಸಿ ನೋಡಿದ. ಎಲ್ಲಿಯೂ ಅಂಟದೆ ದಾರ ನೆಟ್ಟಗೆ ಇಳಿಬಿದ್ದಿತ್ತು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಎರಡು 2.9ಗಳ ಪಕ್ಕದಲ್ಲಿ ಅವನೇ ಒಂದಕ್ಕೆ ಸರಿ ಗುರುತು, ಇನ್ನೊಂದಕ್ಕೆ ತಪ್ಪು ಗುರುತು ಹಾಕಿ, ಕಲ್ಲನ್ನು ತೆಗೆದ ಜಾಗದಲ್ಲೇ ಇಟ್ಟು ಬಂದ.